ಬೀಗದ ಕೈ

ಬುರ್ಜ್ ಹಮ್ಮೂದಿನ ಗಲ್ಲಿಯಲ್ಲಿ ಆಕಾಶ ನೋಡಬೇಕಾದರೆ
ಮೊದಲು ತಂತಿಗಳನ್ನು ಓದಿ ಮುಗಿಸಬೇಕು.
ಸರ್ಕಾರದ ಕರೆಂಟು ದಿನಕ್ಕೆ ಎರಡು ತಾಸು, ಬಂದರೆ.
ಉಳಿದದ್ದೆಲ್ಲ ಅಬೂ ಜರ್ಜೂರನ ಜನರೇಟರು,
ಅದರ ಹೊಗೆ, ಅದರ ತಿಂಗಳ ಚೀಟಿ.

ಮಂಗಳವಾರ ನಸುಕಿಗೆ ಕಸದ ಲಾರಿಯೊಂದು
ಎತ್ತಿದ ಬೆನ್ನು ಇಳಿಸಲು ಮರೆತು ಹೊರಟಿತು.
ಹರಿದು ಬಿದ್ದದ್ದು ಎಪ್ಪತ್ತರ ಕೇಬಲ್ಲು,
ಮಗುವಿನ ಮುಂಗೈಯಷ್ಟು ದಪ್ಪ.
ನಲವತ್ತು ಮನೆ ಕತ್ತಲು. ಮೂರನೇ ಮಹಡಿಯಲ್ಲಿ
ಅರಾಕ್ಸಿ ಅಜ್ಜಿಯ ಆಮ್ಲಜನಕದ ಯಂತ್ರ
ಬ್ಯಾಟರಿಯ ಮೇಲೆ ಕೂತು ಗಳಿಗೆ ಎಣಿಸುತ್ತಿತ್ತು.

‘ಹೊಸೆದು ಟೇಪು ಸುತ್ತಿಬಿಡಿ’ ಅಂದ ಅಬೂ ಜರ್ಜೂರ್,
‘ಐದು ನಿಮಿಷದ ಕೆಲಸ, ಐದು ಡಾಲರು.’
ನ್ಶಾನ್ ಉಸ್ತಾದರು ಮಾತಾಡಲಿಲ್ಲ.
ಹೋದ ಬೇಸಿಗೆಯಲ್ಲಿ ಯಾರೋ ಹೊಸೆದ ಗಂಟೊಂದನ್ನು
ಚೀಲದಿಂದ ತೆಗೆದು ಅವನ ಅಂಗೈಗಿಟ್ಟರು.
ಸುಟ್ಟ ಬದನೆಕಾಯಿ. ಒಳಗೆ ತಾಮ್ರ ಪುಡಿಪುಡಿ.
‘ಇದೂ ಐದು ನಿಮಿಷದ್ದೇ.’

ನಾಲ್ಕು ಕೊಳವೆಗೆ ಎಂಟು ಡಾಲರು,
ರಬ್ಬರಿನ ಟೇಪು ಎರಡು ಸುರುಳಿ, ಆರು.
ಒತ್ತುವ ಯಂತ್ರ ಕೊಳ್ಳುವವರು ಯಾರು?
ಕ್ರಿಕೋರನ ಅಂಗಡಿಯಿಂದ ಕಡ ತಂದೆ,
ಒತ್ತೆಗೆ ಉಸ್ತಾದರ ಕೈಗಡಿಯಾರ ಇಟ್ಟು.
‘ಇದಕ್ಕಿಂತ ಅಗ್ಗ ಬೇಕೋ?
ಬೆಂಕಿ ಆರಿಸುವವರು ಪುಕ್ಕಟೆ ಬರುತ್ತಾರೆ.’

ಸ್ವಿಚ್ಚು ಇಳಿಸಿ ಬೀಗ ಜಡಿದರು.
ಯಾರ ಕೈ ತಂತಿಯ ಮೇಲೋ
ಬೀಗದ ಕೈ ಅವರ ಜೇಬಲ್ಲಿ. ಇದೊಂದೇ ಪಾಠ,
ಎರಡು ವರ್ಷದಿಂದ ದಿನಾ.
ಸತ್ತಿದೆ ಅಂತ ಯಾರು ಹೇಳಿದರೂ ನಂಬಬೇಡ,
ಮೀಟರಿನ ಬಾಯಲ್ಲಿ ಹೇಳಿಸು.
ಮೀಟರೇ ಸತ್ತಿದೆಯೋ, ಅದನ್ನೂ ಮೊದಲು ನೋಡು.

ಸೇರಿದ ದಿನ ಕೇಳಿದ್ದರು, ಯಾವ ಊರು?
ದೇರ್ ಎಜ್ ಜೋರ್, ಅಂದಿದ್ದೆ.
ಒಂದು ಸಿಗರೇಟು ಮುಗಿಯುವಷ್ಟು ಹೊತ್ತು ಸುಮ್ಮನಿದ್ದು
‘ನನ್ನಜ್ಜಿ ಮರಾಶಿನಿಂದ ಅಲ್ಲಿಗೆ ನಡೆದು ಹೋಗಿದ್ದಳು’ ಅಂದರು.
ಯಾಕೆ ಅಂತ ನಾನು ಕೇಳಲಿಲ್ಲ.
ನಮ್ಮ ಕಡೆ ನೆಲ ಅಗೆದರೆ ಏನು ಸಿಗುತ್ತದೆಂದು
ಮಕ್ಕಳಿಗೂ ಗೊತ್ತು.

ಚಾಕು ತಿರುಗಿತು. ಒಂದು ಎಳೆಗೂ ಗಾಯವಾಗದೆ
ಸಿಪ್ಪೆ ಸುಲಿದುಬಂತು. ನಾಲ್ಕು ಗಂಟು
ಒಂದೇ ಕಡೆ ಕೂರದಂತೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರು.
ಆಮೇಲೆ ಕೊಳವೆ ತೂರಿಸಬೇಕು. ಕೈ ನಡುಗಿತು.
ಮತ್ತೆ ತೂರಿಸಿದರು. ಎಳೆಯೊಂದು ಹೊರಗೇ ಉಳಿಯಿತು.
ಮೂರನೇ ಸಲ ನೋಡಲಾಗದೆ
ನಾನು ಬೀದಿಯ ಬೆಕ್ಕನ್ನು ನೋಡುತ್ತ ನಿಂತೆ.

ಜೇಬಿಗೆ ಏನೋ ತಣ್ಣಗೆ ಬಿತ್ತು.
‘ಮಿಶಲ್, ಕೂತುಕೋ.’
ಎದ್ದು ಪಕ್ಕಕ್ಕೆ ಸರಿದರು, ಮಂಡಿ ಲಟಲಟ ಅಂದಿತು.
‘ಉಸ್ತಾದ್, ಈ ಬೀಗದ ಕೈ...’
‘ಕೈ ಒರೆಸಿಕೋ ಮೊದಲು. ಬೆವರಿದೆ.’

ನಡುವಿನಿಂದ ಹೊರಕ್ಕೆ, ಒತ್ತು, ಇನ್ನೊಂದು ಒತ್ತು,
ತಾಮ್ರ ತಾಮ್ರವನ್ನು ಕಚ್ಚುವ ಸಣ್ಣ ಸದ್ದು.
ಮೂಲೆ ಉಜ್ಜಿ ನುಣುಪು ಮಾಡಿ
ರಬ್ಬರನ್ನು ಎಳೆದು ಸುತ್ತಿದೆ, ಅರ್ಧದ ಮೇಲೆ ಅರ್ಧ,
ಹಸುಗೂಸಿಗೆ ಬಟ್ಟೆ ಸುತ್ತುವ ಹಾಗೆ ಅನ್ನಲಿದ್ದೆ.
‘ಬಾಯಿ ಮುಚ್ಚಿ ಸುತ್ತು’ ಅಂದರು.

ಬೀಗ ತೆಗೆದವನೂ ನಾನೇ.
ಮೇಲೆ ಎಲ್ಲೋ ಫ್ರಿಜ್ಜುಗಳು ಗೊಣಗಿದವು,
ಯಾರದೋ ರೇಡಿಯೋ ಅರ್ಧ ವಾಕ್ಯದಿಂದ ಶುರುವಾಯಿತು,
ಮೂರನೇ ಮಹಡಿಯ ಕಿಟಕಿಯಲ್ಲಿ
ಒಂದು ಕೈ ಆಡಿ ಒಳಗೆ ಹೋಯಿತು.
ತಾಸು ಬಿಟ್ಟು ಸುತ್ತಿದ ಗಂಟನ್ನು ಹಿಂಗೈಯಿಂದ ಮುಟ್ಟಿದೆ:
ಬಿಸಿಯಿಲ್ಲ. ಪಕ್ಕದ ತಂತಿಯಂತೆಯೇ, ಏನೂ ಆಗದವರಂತೆ.

ಕೊಡಲು ಹೋದೆ. ಬೀಗವನ್ನೂ ಜೊತೆಗೆ.
‘ಅದು ನಿನ್ನದು. ನಾನು ಬೇರೆ ತಗೋತೀನಿ.’
ಏನು ಹೇಳಬೇಕೋ ತಿಳಿಯದೆ ಟೈಮೆಷ್ಟು ಅಂದೆ.
ಬರಿಯ ಮಣಿಕಟ್ಟು ನೋಡಿಕೊಂಡರು, ಅದರ ಬಿಳಿ ಪಟ್ಟಿ.
‘ಕ್ರಿಕೋರನನ್ನು ಕೇಳು.
ಅಷ್ಟರಲ್ಲಿ ಬಾಗಿಲು ಹಾಕಿರದಿದ್ದರೆ.’